ಡಬ್ಲಿನ್ನಿನ ಜಾರ್ಜಿಯನ್ ಮನೆಗಳು: ಕೆಳಗೆ ಅಂಗಡಿ, ಮೇಲೆಲ್ಲ ಖಾಲಿ. ಇವನ್ನು ಉಳಿಸುವುದು ಯಾರಿಗಾಗಿ?

ಕಲ್ಲುಸಂಕ (ಸ್ಟೋನಿಬ್ಯಾಟರ್)

ಎಲ್ಲರಿಗೂ ನಮಸ್ಕಾರ. ಜಾರ್ಜಿಯನ್ ಅಂದರೆ ಜಾರ್ಜ್ ಹೆಸರಿನ ಬ್ರಿಟಿಷ್ ರಾಜರ ಕಾಲದ, ಹೆಚ್ಚಾಗಿ ಹದಿನೆಂಟನೇ ಶತಮಾನದ ಮನೆಗಳು. 2022ರಲ್ಲಿ ಕೇಪಲ್ ಸ್ಟ್ರೀಟ್‌ಗೆ ವಾಹನ ಬಂದ್ ಆದಮೇಲೆ ಅಲ್ಲಿ ನಡುರಸ್ತೆಯಲ್ಲೇ ತಲೆಯೆತ್ತಿಕೊಂಡು ನಡೆಯಬಹುದು. ಕೆಳಗೆ ಕೊರಿಯನ್ ಹೋಟೆಲು, ಕಬ್ಬಿಣದ ಸಾಮಾನಿನ ಅಂಗಡಿ, ಪಬ್ಬು, ಜನವೋ ಜನ. ಮೇಲೆ ನೋಡಿದರೆ ಎರಡನೇ, ಮೂರನೇ ಮಹಡಿಯ ಕಿಟಕಿಗಳಿಗೆ ಪರದೆ ಇಲ್ಲ, ರಾತ್ರಿ ದೀಪ ಇಲ್ಲ. ಕೆಲವು ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರೆ. ಚಾವಣಿಯ ಅಂಚಿನಲ್ಲಿ ಬಡ್ಲಿಯಾ ಗಿಡ ನೇರಳೆ ಹೂ ಬಿಟ್ಟುಕೊಂಡು ನಿಂತಿರುತ್ತದೆ.

ಊರಲ್ಲಿ ಒಂದು ಕೋಣೆ ಬಾಡಿಗೆಗೆ ಸಿಗುವುದು ಎಷ್ಟು ಕಷ್ಟ ಅಂತ ಇಲ್ಲಿರುವ ಯಾರಿಗೂ ಹೇಳಬೇಕಾಗಿಲ್ಲ. 2022ರ ಜನಗಣತಿಯಲ್ಲಿ ಐರ್ಲೆಂಡಿನಲ್ಲಿ 1,66,000ಕ್ಕೂ ಹೆಚ್ಚು ಮನೆಗಳು ಖಾಲಿ ಎಂದು ಬಂತು. ಅಂಗಡಿ ಮೇಲಿನ ಇಂಥ ಮಹಡಿಗಳಲ್ಲಿ ಎಷ್ಟೋ ಆ ಲೆಕ್ಕಕ್ಕೂ ಸೇರಿರುವುದಿಲ್ಲ, ಏಕೆಂದರೆ ಅವು ಎಂದೋ ಗೋದಾಮು, ಆಫೀಸು ಆಗಿಹೋಗಿವೆ.

ನಮ್ಮ ಆಫೀಸಿನ ಐರಿಷ್ ಗೆಳೆಯನೊಬ್ಬ ಇದಕ್ಕೆಲ್ಲ ಪ್ರೊಟೆಕ್ಟೆಡ್ ಸ್ಟ್ರಕ್ಚರ್ ಪಟ್ಟಿಯೇ, ಅಂದರೆ ಕಾನೂನು ಕಾಪಾಡುವ ಕಟ್ಟಡಗಳ ಪಟ್ಟಿಯೇ, ಕಾರಣ ಅನ್ನುತ್ತಾನೆ. ಒಂದು ಮೊಳೆ ಹೊಡೆಯಲೂ ಕೌನ್ಸಿಲ್ ಅನುಮತಿ ಬೇಕು, ಹಾಗಾಗಿ ಮಾಲೀಕರು ಕೈಚೆಲ್ಲಿ ಕೂತಿದ್ದಾರೆ ಎಂಬುದು ಅವನ ವಾದ. ನಿಜವೇ? ಹಾಗಾದರೆ ಈ ಮನೆಗಳನ್ನು ಉಳಿಸುತ್ತಿರುವುದು ಯಾರಿಗಾಗಿ? ಕಟ್ಟಡದ ಕೆಲಸ ಬಲ್ಲವರು ಇಲ್ಲಿದ್ದಾರೆ, ದಯವಿಟ್ಟು ಹೇಳಿ.

---

ಗುಬ್ಬಿಗೂಡು (ಬಾಲ್‌ಬ್ರಿಗನ್)

ನಾ ಸೀದಾ ಹೇಳ್ತೀನ್ರಿ, ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ. ನಂದು ಆಸ್ಪತ್ರಿ ಕೆಲಸ. ಕೆಲಸ ಊರ ನಡುವ, ಮನಿ ಬಾಲ್‌ಬ್ರಿಗನ್‌ದಾಗ. ರಾತ್ರಿ ಪಾಳಿ ಮುಗಿಸಿ ಟ್ರೇನಿನ್ಯಾಗ ನಿಂತ್ಕೊಂಡ ಬರ್ತೀನಿ. ನಮ್ಮ ವಾರ್ಡಿಗೆ ಹೊಸದಾಗಿ ಬಂದ ಹುಡುಗ್ಯಾರು ಒಂದ ಖೋಲಿಯೊಳಗ ಮೂರು ಮಂದಿ ಇದ್ದಾರ. ಇಂಥಾ ಹೊತ್ತಿನ್ಯಾಗ ಇನ್ನೂರ ಐವತ್ತು ವರ್ಷದ ಇಟ್ಟಂಗಿ ಗೋಡಿ ಕಾಯ್ಕೋತ ಕೂಡೂದು ಯಾವ ನ್ಯಾಯ? ನಾಕು ಮಹಡಿ ಇದ್ದಲ್ಲಿ ಹನ್ನೆರಡು ಮಹಡಿ ಕಟ್ಟಲಿ. ನಾಕು ಛಲೋ ಮನಿ ತೋರಸಾಕ ಇಟ್ಕೊಳ್ರಿ, ಉಳದದ್ದು ಮಂದಿಗೆ ಬಿಡ್ರಿ.

---

ಗಾರೆಕೆಲಸ (ಡಬ್ಲಿನ್ 8)

ಗುಬ್ಬಿಗೂಡು ಅಕ್ಕಾ, ನಿಮ್ಮ ಸಿಟ್ಟು ಸರಿಯಾಗಿದೆ. ಆದರೆ ಅದು ಆ ಗೋಡೆಯ ಮೇಲೆ ಬೀಳಬಾರದು. ನಾನು ಹಳೆ ಕಟ್ಟಡಗಳ ದುರಸ್ತಿ ಕೆಲಸದಲ್ಲೇ ಇರುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಪಟ್ಟಿಯ ವಿಷಯ. ಈಗಿನ ಪ್ರೊಟೆಕ್ಟೆಡ್ ಸ್ಟ್ರಕ್ಚರ್ ವ್ಯವಸ್ಥೆಯ ಬುಡ 2000ದ ಯೋಜನಾ ಕಾಯ್ದೆಯಲ್ಲಿದೆ. ಡಬ್ಲಿನ್ ನಗರದಲ್ಲೇ ಎಂಟು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಪಟ್ಟಿಯಲ್ಲಿವೆ. ಪಟ್ಟಿಗೆ ಸೇರಿದ ಮನೆಯ ಮುಂಭಾಗ ಮಾತ್ರವಲ್ಲ, ಒಳಗಿನ ಮೆಟ್ಟಿಲು, ಚಾವಣಿಯ ಗಚ್ಚಿನ ಅಲಂಕಾರ, ಬಾಗಿಲು, ಹಿತ್ತಲು ಎಲ್ಲವೂ ರಕ್ಷಣೆಗೆ ಒಳಪಡುತ್ತವೆ. ಆದರೆ ಒಂದು ಮೊಳೆಗೂ ಅನುಮತಿ ಬೇಕು ಅನ್ನುವುದು ಸುಳ್ಳು. ಆ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಯಾವ ಕೆಲಸಕ್ಕೆ ಅನುಮತಿ ಬೇಡ ಎಂದು ಲಿಖಿತವಾಗಿ ತಿಳಿಸುವಂತೆ ಮಾಲೀಕ ಕೌನ್ಸಿಲನ್ನು ಕೇಳಬಹುದು. ಕೌನ್ಸಿಲ್ 12 ವಾರದೊಳಗೆ ಉತ್ತರಿಸಬೇಕು. ಈ ದಾರಿ ಇದೆ ಅಂತಲೇ ಎಷ್ಟೋ ಮಾಲೀಕರಿಗೆ ಗೊತ್ತಿಲ್ಲ.

ಇನ್ನು ಮನೆ ಹಾಳಾಗುವ ಬಗೆ. ಜಾರ್ಜಿಯನ್ ಮನೆಯ ಹೊರಗೋಡೆ ಗಟ್ಟಿ ಇಟ್ಟಿಗೆಯದು, ನಡುವೆ ಟೊಳ್ಳು ಇಲ್ಲ. ಒಳಗಿನ ಅಟ್ಟ, ತೊಲೆ, ಮೆಟ್ಟಿಲು ಎಲ್ಲ ಮರ. ಚಾವಣಿ ಬೀದಿಗೆ ಕಾಣುವುದಿಲ್ಲ, ಮುಂದಿನ ಗೋಡೆ ಮೇಲಕ್ಕೆದ್ದು ಅದನ್ನು ಮರೆಮಾಡಿರುತ್ತದೆ. ಆ ಗೋಡೆಯ ಹಿಂದೆ ಸೀಸದ ತಗಡಿನ ನೀರುದೋಣಿ ಇರುತ್ತದೆ. ಎಲೆಯೋ ಸತ್ತ ಪಾರಿವಾಳವೋ ಬಿದ್ದು ದೋಣಿ ಕಟ್ಟಿಕೊಂಡರೆ ಮಳೆನೀರು ಗೋಡೆಯೊಳಕ್ಕೆ ಇಳಿಯುತ್ತದೆ. ಗೋಡೆಯಲ್ಲಿ ಹುದುಗಿರುವ ತೊಲೆಯ ತುದಿ ನೆನೆಯುತ್ತದೆ. ಗಾಳಿಯಾಡದ ಕೋಣೆಯಲ್ಲಿ ಡ್ರೈ ರಾಟ್ ಅನ್ನುವ ಬೂಸ್ಟು ಹಿಡಿದರೆ, ಅದು ಇಟ್ಟಿಗೆಯ ಸಂದಿನಲ್ಲೇ ಹರಿದು ಪಕ್ಕದ ಮನೆಯ ಮರಕ್ಕೂ ದಾಟುತ್ತದೆ.

ಮೇಲಿನ ಮಹಡಿಯಲ್ಲಿ ಯಾರಾದರೂ ಮಲಗುತ್ತಿದ್ದರೆ ಮೊದಲ ಹನಿಗೇ ಎದ್ದು ಬಕೆಟ್ ಇಟ್ಟು ಮಾಲೀಕನಿಗೆ ಫೋನ್ ಮಾಡುತ್ತಾರೆ. ಯಾರೂ ಇಲ್ಲದಿದ್ದರೆ ಹತ್ತು ವರ್ಷ ಕಳೆದು, ಕೆಳಗಿನ ಅಂಗಡಿಯ ಚಾವಣಿಯಲ್ಲಿ ಕಲೆ ಕಂಡಾಗಲೇ ಸುದ್ದಿ ತಿಳಿಯುವುದು. ಹೊತ್ತಿಗೆ ನೂರಿನ್ನೂರು ಯೂರೊದಲ್ಲಿ ಮುಗಿಯುತ್ತಿದ್ದ ಕೆಲಸ ಆಗ ಚಾವಣಿಯನ್ನೇ ಬಿಚ್ಚುವ ಕೆಲಸವಾಗಿರುತ್ತದೆ. ನಾನು ಕಂಡ ಹಾಳುಮನೆಗಳಲ್ಲಿ ಹೆಚ್ಚಿನವನ್ನು ತಿಂದದ್ದು ಈ ನಿರ್ಜನತೆ. ಪಟ್ಟಿಯೂ ಅಲ್ಲ, ಮುದಿತನವೂ ಅಲ್ಲ.

---

ಒಗ್ಗರಣೆ (ಡಬ್ಲಿನ್ 1)

ನಾನು ಊರ ನಡುವೆ ಸಣ್ಣ ಹೋಟೆಲ್ ನಡೆಸುತ್ತೇನೆ. ನೆಲಮಹಡಿ ನಮ್ಮದು, ಬಾಡಿಗೆಗೆ. ಮೇಲೆ ಮೂರು ಮಹಡಿ ಖಾಲಿ. ನಮ್ಮ ಕೆಲಸದವರಿಗೆ ಇರಲು ಜಾಗ ಸಿಗದೆ ಒದ್ದಾಡುತ್ತಿದ್ದಾಗ ಮಾಲೀಕರನ್ನು ಕೇಳಿದೆ, ಮೇಲಿನದನ್ನೂ ನಾವೇ ಸರಿಮಾಡಿಕೊಂಡು ಬಾಡಿಗೆ ಕೊಡುತ್ತೇವೆ ಅಂತ.

ಸಮಸ್ಯೆ ಏನೆಂದರೆ ಮೇಲಕ್ಕೆ ಹೋಗುವ ದಾರಿಯೇ ಇಲ್ಲ. ಮೊದಲು ಬೀದಿಗೆ ಎರಡು ಬಾಗಿಲಿದ್ದವಂತೆ, ಒಂದು ಅಂಗಡಿಗೆ, ಇನ್ನೊಂದು ಮನೆಗೆ. ಎಂದೋ ಒಬ್ಬರು ಅಂಗಡಿ ಅಗಲ ಮಾಡಲು ಮನೆಬಾಗಿಲನ್ನೂ ಅದರ ಹಿಂದಿನ ಓಣಿಯನ್ನೂ ತೆಗೆದುಹಾಕಿದ್ದಾರೆ. ಈಗ ಮೇಲಕ್ಕೆ ಹೋಗಬೇಕಾದರೆ ನಮ್ಮ ಅಡುಗೆಮನೆ ದಾಟಿ ಹೋಗಬೇಕು. ಹಾಗೆ ಮನೆ ಮಾಡಲು ಅಗ್ನಿಶಾಮಕದವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಹಳೇ ಓಣಿಯನ್ನು ಮತ್ತೆ ಕಟ್ಟಿದರೆ ನಮ್ಮ ಊಟದ ಜಾಗದಲ್ಲಿ ಕಾಲುಭಾಗ ಹೋಗುತ್ತದೆ. ಅಷ್ಟು ಬಾಡಿಗೆ ಕಡಿಮೆ ಮಾಡಲು ಮಾಲೀಕರಿಗೆ ಮನಸ್ಸಿಲ್ಲ. ಅವರಿಗೆ ನೆಲಮಹಡಿಯ ಬಾಡಿಗೆಯೇ ಧಾರಾಳವಾಗಿ ಸಾಕು.

ನಮ್ಮ ಸಾಲಿನ ಬೇರೆ ಅಂಗಡಿಗಳಲ್ಲೂ ಇದೇ ಕಥೆ. ಮೇಲಿನ ಮಹಡಿ ಖಾಲಿ ಯಾಕೆ ಅಂತ ಕೇಳುವವರು ಮೊದಲು ಕೆಳಗಿನ ಬಾಗಿಲು ಎಣಿಸಬೇಕು.

---

ಗಾರೆಕೆಲಸ (ಡಬ್ಲಿನ್ 8)

ಒಗ್ಗರಣೆಯವರೇ, ಮುಖ್ಯ ವಿಷಯ ಹೇಳಿದಿರಿ. ಇದಕ್ಕೆ ಇನ್ನೆರಡು ಸೇರಿಸಿ. ಉಪಯೋಗ ಬದಲಿಸಿ ಮನೆ ಮಾಡಬೇಕಾದರೆ ಫೈರ್ ಸೇಫ್ಟಿ ಸರ್ಟಿಫಿಕೇಟ್ ಬೇಕು, ಅಂಗವಿಕಲರ ಪ್ರವೇಶಕ್ಕೆ ಸಂಬಂಧಿಸಿದ ಸರ್ಟಿಫಿಕೇಟೂ ಬೇಕು. ಒಂದೇ ಮರದ ಮೆಟ್ಟಿಲಿರುವ ಕಿರಿದಾದ ಮನೆಯಲ್ಲಿ ಇವೆರಡನ್ನೂ ತೃಪ್ತಿಪಡಿಸಲು ಬುದ್ಧಿ ಖರ್ಚು ಮಾಡಬೇಕು. ನೀರಿನ ತುಂತುರು ವ್ಯವಸ್ಥೆ, ಬೆಂಕಿ ತಡೆಯುವ ಬಾಗಿಲು, ಪಕ್ಕದ ಎರಡು ಮನೆಗಳಿಗೆ ಸೇರಿ ಒಂದೇ ಮೆಟ್ಟಿಲು, ಹೀಗೆ ದಾರಿಗಳಿವೆ. ಆದರೆ ಒಬ್ಬೊಬ್ಬ ಮಾಲೀಕ ತಾನೊಬ್ಬನೇ ಮಾಡಲು ಹೋದರೆ ಖರ್ಚು ಕೈಮೀರುತ್ತದೆ.

ಸಹಾಯಧನವೂ ಇದೆ. ಖಾಲಿ ಮನೆ ಸರಿಪಡಿಸಲು 50,000 ಯೂರೊವರೆಗೆ, ತೀರಾ ಪಾಳುಬಿದ್ದದ್ದಕ್ಕೆ 70,000ದವರೆಗೆ ಕೊಡುತ್ತಾರೆ. 2015ರಲ್ಲಿ ಲಿವಿಂಗ್ ಸಿಟಿ ಇನಿಶಿಯೇಟಿವ್ ಎಂಬ ತೆರಿಗೆ ರಿಯಾಯಿತಿಯೂ ಬಂತು, ಡಬ್ಲಿನ್, ಕಾರ್ಕ್, ಲಿಮರಿಕ್, ಗಾಲ್ವೆ, ವಾಟರ್‌ಫರ್ಡ್, ಕಿಲ್ಕೆನಿ ಊರುಗಳ ಹಳೇ ಬೀದಿಗಳಿಗಾಗಿ. ಉಪಯೋಗಿಸಿಕೊಂಡವರು ತೀರಾ ಕಡಿಮೆ. ಕಾರಣ ಒಗ್ಗರಣೆಯವರು ಹೇಳಿದ್ದೇ: ಕೆಳಗಿನ ಅಂಗಡಿಯೇ ಹೊಟ್ಟೆ ತುಂಬಿಸುತ್ತಿರುವಾಗ ಮೇಲಿನ ತಲೆನೋವು ಯಾರಿಗೆ ಬೇಕು?

ಪಾಳು ಜಾಗದ ಮೇಲೆ ಮಾರುಕಟ್ಟೆ ಬೆಲೆಯ ಶೇ. 7ರಷ್ಟು ವಾರ್ಷಿಕ ಲೆವಿ ಹಾಕಲು 1990ರ ಡೆರೆಲಿಕ್ಟ್ ಸೈಟ್ಸ್ ಕಾಯ್ದೆಯಲ್ಲಿ ಅವಕಾಶವಿದೆ. ಕಾಗದದ ಮೇಲೆ ಬಿಗಿ ಕಾನೂನು. ಮೊದಲು ರಿಜಿಸ್ಟರಿಗೆ ಸೇರಿಸಬೇಕು, ಆಮೇಲೆ ವಸೂಲಿ ಮಾಡಬೇಕು. ಎರಡೂ ಕಡೆ ಕೌನ್ಸಿಲ್‌ಗಳು ಬಹಳ ಹಿಂದೆ ಬಿದ್ದಿವೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

---

ಪಡುವಣ (ಬ್ರೇ)

ಗುಬ್ಬಿಗೂಡು ಹೇಳಿದ್ದನ್ನು ಈ ಊರು ಒಮ್ಮೆ ಮಾಡಿ ನೋಡಿದೆ ಮಾರಾಯ್ರೆ. ಸ್ವಲ್ಪ ಚರಿತ್ರೆ ಹೇಳುತ್ತೇನೆ.

1963ರ ಜೂನ್‌ನಲ್ಲಿ ಬೋಲ್ಟನ್ ಸ್ಟ್ರೀಟಿನಲ್ಲಿ ಒಂದು ಹಳೇ ಮನೆ ಕುಸಿದು ವಯಸ್ಸಾದ ದಂಪತಿ ಸತ್ತರು. ಅದೇ ತಿಂಗಳು 12ಕ್ಕೆ ಫೆನಿಯನ್ ಸ್ಟ್ರೀಟಿನಲ್ಲಿ ಮತ್ತೆ ಮನೆ ಬಿತ್ತು, ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸತ್ತರು. ಊರೇ ಬೆಚ್ಚಿಬಿತ್ತು. ಕಾರ್ಪೊರೇಷನ್‌ನವರು ಮನೆ ಮನೆ ಪರೀಕ್ಷೆ ಮಾಡಿ ಅಪಾಯಕಾರಿ ಎಂದು ಬರೆದು ಕೆಡವುತ್ತಾ ಹೋದರು. ನಿಜವಾಗಿ ಬೀಳುವಂಥದ್ದೂ ಹೋಯಿತು, ಒಂದು ತೊಲೆ ಬದಲಿಸಿದ್ದರೆ ನಿಲ್ಲುತ್ತಿದ್ದದ್ದೂ ಹೋಯಿತು. ಕೆಡವಿದ ಎಷ್ಟೋ ಜಾಗಗಳು ವರ್ಷಗಟ್ಟಲೆ ಕಾರು ನಿಲ್ಲಿಸುವ ಬಯಲಾಗಿ ಬಿದ್ದವು. ಅಲ್ಲಿದ್ದ ಜನರಿಗೆ ಮನೆ ಬೇಕಿತ್ತಲ್ಲ? ಊರ ಹೊರಗೆ ಬ್ಯಾಲಿಮನ್‌ನಲ್ಲಿ ಕಟ್ಟಿದರು. ಹದಿನೈದು ಮಹಡಿಯ ಏಳು ಗೋಪುರ, 1916ರ ಐರಿಷ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಏಳು ಮಂದಿಯ ಹೆಸರು. ಅಂಗಡಿ, ಬಸ್ಸು, ಕೆಲಸ ಸರಿಯಾಗಿ ಬರಲೇ ಇಲ್ಲ. 2004ರಿಂದ ಗೋಪುರ ಕೆಡವಲು ಶುರು ಮಾಡಿ 2015ಕ್ಕೆ ಕೊನೆಯದನ್ನೂ ಇಳಿಸಿದರು. ಜಾರ್ಜಿಯನ್ ಮನೆಗಳು ಇನ್ನೂರು ವರ್ಷ ಬಾಳಿದವು. ಅವುಗಳ ಬದಲಿಗೆ ಬಂದದ್ದು ಐವತ್ತು ವರ್ಷ ಬಾಳಲಿಲ್ಲ.

ಇನ್ನೊಂದುಂಟು. ಲೋಯರ್ ಫಿಟ್ಜ್‌ವಿಲಿಯಂ ಸ್ಟ್ರೀಟಿನಲ್ಲಿ ವಿದ್ಯುತ್ ಸಂಸ್ಥೆ ಇಎಸ್‌ಬಿ 1965ರಲ್ಲಿ ಸಾಲಾಗಿ 16 ಮನೆ ಕೆಡವಿತು. ಮೆರಿಯನ್ ಸ್ಕ್ವೇರಿನಿಂದ ಲೀಸನ್ ಸ್ಟ್ರೀಟಿನವರೆಗೆ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ತುಂಡಾಗದೆ ನಿಂತಿದ್ದ ಜಾರ್ಜಿಯನ್ ಸಾಲು ಅದು. ಸರ್ ಜಾನ್ ಸಮ್ಮರ್ಸನ್ ಎಂಬ ದೊಡ್ಡ ಇಂಗ್ಲಿಷ್ ವಾಸ್ತುಶಿಲ್ಪ ಇತಿಹಾಸಕಾರನನ್ನೇ ಕರೆಸಿ, ಈ ಮನೆಗಳಲ್ಲಿ ವಿಶೇಷ ಏನೂ ಇಲ್ಲ ಎಂದು ಹೇಳಿಸಿದರು. ಒಂದೊಂದೇ ಮನೆಯಾಗಿ ನೋಡಿದರೆ ಇರಲಿಕ್ಕಿಲ್ಲ. ಆದರೆ ಆ ಬೀದಿಯ ಚಂದ ಇದ್ದದ್ದು ಮನೆಯಲ್ಲಿ ಅಲ್ಲ, ಸಾಲಿನಲ್ಲಿ. ಅಲ್ಲಿ ಬಂದದ್ದು ಸ್ಯಾಮ್ ಸ್ಟೀಫನ್ಸನ್, ಆರ್ಥರ್ ಗಿಬ್ನಿ ವಿನ್ಯಾಸದ ಕಚೇರಿ. ಅದನ್ನೂ ಕೆಡವಿಯಾಯಿತು. ಈಗಿರುವ ಕಟ್ಟಡ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್ಕರ್ ಪ್ರಶಸ್ತಿಯನ್ನು 2020ರಲ್ಲಿ ಪಡೆದ ಗ್ರಾಫ್ಟನ್ ಆರ್ಕಿಟೆಕ್ಟ್ಸ್‌ನವರು ಇನ್ನೊಂದು ಸಂಸ್ಥೆಯ ಜೊತೆ ಮಾಡಿದ್ದು. ಇಟ್ಟಿಗೆಯದು, ಹಳೇ ಮನೆಗಳ ಅಗಲದ ಲಯ ಹಿಡಿದು ನಿಂತಿದೆ. ನನಗೆ ಇಷ್ಟವಾಯಿತು. ಹೊಸದನ್ನು ಕಟ್ಟಲೇಬಾರದು ಎಂದು ನಾನು ಹೇಳುವುದಿಲ್ಲ.

---

ನೀಲಿಬಾಗಿಲು (ವಿದ್ಯಾರ್ಥಿ, ಗ್ರೇಂಜ್‌ಗೋರ್ಮನ್)

ಒಂದು ಪ್ರಶ್ನೆ. ಈ ಮನೆಗಳನ್ನು ಕಟ್ಟಿಸಿದ್ದು ಬ್ರಿಟಿಷ್ ಆಳ್ವಿಕೆಯ ಕಾಲದ ಶ್ರೀಮಂತ ಜಮೀನ್ದಾರರು ಅಲ್ವಾ? ಸ್ವತಂತ್ರ ಐರ್ಲೆಂಡ್ ಇವನ್ನು ಯಾಕೆ ತನ್ನದು ಅಂದುಕೊಳ್ಳಬೇಕು? ಕ್ಲಾಸಿನಲ್ಲಿ ಈ ಚರ್ಚೆ ಬಂದಾಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

---

ಪಡುವಣ (ಬ್ರೇ)

ನೀಲಿಬಾಗಿಲು, ಈ ಪ್ರಶ್ನೆ ಇಲ್ಲಿ ಹಳೆಯದು. 1969ರ ಕೊನೆಯಲ್ಲಿ ಸೇಂಟ್ ಸ್ಟೀಫನ್ಸ್ ಗ್ರೀನ್ ಪಕ್ಕದ ಹ್ಯೂಮ್ ಸ್ಟ್ರೀಟಿನ ಮನೆಗಳನ್ನು ಕೆಡವಲು ಹೊರಟಾಗ ವಾಸ್ತುಶಿಲ್ಪ ವಿದ್ಯಾರ್ಥಿಗಳು, ನಿಮ್ಮ ವಯಸ್ಸಿನವರೇ, ಒಳಗೆ ಹೋಗಿ ತಿಂಗಳುಗಟ್ಟಲೆ ಕೂತರು. ಆಗಿನ ಸ್ಥಳೀಯಾಡಳಿತ ಸಚಿವ ಕೆವಿನ್ ಬೋಲಂಡ್ ಸಂಸತ್ತಿನಲ್ಲಿ ಈ ಹೋರಾಟದವರನ್ನು ಅರ್ಲ್‌ಗಳು, ಅವರ ಹೆಂಗಸರು, ಎಡಪಂಥೀಯ ಬುದ್ಧಿಜೀವಿಗಳು ಎಂದು ಹಂಗಿಸಿದ. ಕೊನೆಗೆ ಮನೆಗಳು ಹೋದವು, ಅವುಗಳ ಮುಖವನ್ನು ನಕಲು ಮಾಡಿದ ಆಫೀಸುಗಳು ಬಂದವು.

ನನ್ನ ಉತ್ತರ ಇದು. ಕಟ್ಟಿಸಿದವನು ಜಮೀನ್ದಾರ, ಸರಿ. ಕಟ್ಟಿದವರು ಯಾರು? ಇಟ್ಟಿಗೆ ಇಟ್ಟವರು, ಗಚ್ಚಿನಲ್ಲಿ ಹಕ್ಕಿ, ಹಣ್ಣು, ಹೂ ತೆಗೆದವರು ಡಬ್ಲಿನ್ನಿನ ಕುಶಲಕರ್ಮಿಗಳು. ರಾಬರ್ಟ್ ವೆಸ್ಟ್ ಎಂಬ ಡಬ್ಲಿನ್ನಿನವನ ಗಚ್ಚಿನ ಹಕ್ಕಿಗಳು ಇವತ್ತಿಗೂ ಚಾವಣಿಯಿಂದ ಹಾರುವ ಹಾಗೆ ಉಂಟು. ಮತ್ತೆ ಆ ಮನೆಗಳಲ್ಲಿ ಹೆಚ್ಚು ಕಾಲ ಬಾಳಿದವರು ಜಮೀನ್ದಾರರಲ್ಲ. 1801ರಲ್ಲಿ ಐರ್ಲೆಂಡನ್ನು ಬ್ರಿಟನ್ನಿಗೆ ಸೇರಿಸುವ ಯೂನಿಯನ್ ಕಾಯ್ದೆ ಜಾರಿಗೆ ಬಂದು ಡಬ್ಲಿನ್ನಿನ ಸಂಸತ್ತು ಮುಚ್ಚಿತು, ದೊಡ್ಡವರು ಲಂಡನ್ನಿಗೆ ಹೋದರು, ಲಿಫಿ ನದಿಯ ಉತ್ತರ ದಂಡೆಯ ಮನೆಗಳು ಕೋಣೆ ಕೋಣೆಯಾಗಿ ಬಡವರ ಬಿಡಾರವಾದವು.

ನದಿ ದಂಡೆಯ ಹಳೇ ಸುಂಕದ ಕಚೇರಿ ಕಸ್ಟಮ್ ಹೌಸ್‌ಗೆ ಹೋದರೆ ಗುಮ್ಮಟ ನೋಡಿ. ಜೇಮ್ಸ್ ಗ್ಯಾಂಡನ್ 1791ರಲ್ಲಿ ಮುಗಿಸಿದ ಕಟ್ಟಡ, ಅದರ ಬಿಳಿ ಕಲ್ಲು ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್‌ನದು. 1921ರ ಮೇ 25ರಂದು ಸ್ವಾತಂತ್ರ್ಯ ಹೋರಾಟಗಾರರು ಸುಟ್ಟರು. ಸ್ವಂತ ಸರ್ಕಾರ ಬಂದಮೇಲೆ ಅವರೇ ಮತ್ತೆ ಕಟ್ಟಿದರು, ಗುಮ್ಮಟದ ಭಾಗಕ್ಕೆ ಐರ್ಲೆಂಡಿನದೇ ಆರ್ಡ್‌ಬ್ರಾಕನ್ ಸುಣ್ಣಕಲ್ಲು ಹಾಕಿದರು. ಅದು ಬೂದುಬಣ್ಣ, ಕೆಳಗಿನ ಕಲ್ಲಿಗೆ ಹೊಂದುವುದಿಲ್ಲ. ಆ ಹೊಂದದ ಬಣ್ಣವೇ ನನಗೆ ಇಡೀ ಕಟ್ಟಡದಲ್ಲಿ ಹೆಚ್ಚು ಪ್ರೀತಿಯದು. ಸುಟ್ಟದ್ದೂ ಕಾಣುತ್ತದೆ, ಮತ್ತೆ ಕಟ್ಟಿಕೊಂಡದ್ದೂ ಕಾಣುತ್ತದೆ.

---

ಕಲ್ಲುಸಂಕ (ಸ್ಟೋನಿಬ್ಯಾಟರ್)

ಪಡುವಣ ಸಾರ್ ಬಡವರ ಬಿಡಾರದ ಮಾತೆತ್ತಿದ್ದರಿಂದ ಹೇಳುತ್ತೇನೆ. 14 ಹೆನ್ರಿಯೆಟಾ ಸ್ಟ್ರೀಟ್ ಮ್ಯೂಸಿಯಂ ನೋಡಿಲ್ಲದವರು ಖಂಡಿತ ನೋಡಿ. 2018ರಲ್ಲಿ ತೆರೆದದ್ದು. ಲ್ಯೂಕ್ ಗಾರ್ಡಿನರ್ 1740ರ ದಶಕದ ಕೊನೆಯಲ್ಲಿ ಒಂದು ಶ್ರೀಮಂತ ಕುಟುಂಬಕ್ಕಾಗಿ ಕಟ್ಟಿಸಿದ ಮನೆ. 1911ರ ಜನಗಣತಿಯ ಹೊತ್ತಿಗೆ ಅದೇ ಮನೆಯಲ್ಲಿ 100 ಜನ. ಬೀದಿಯಲ್ಲಿದ್ದ 15 ಮನೆಗಳಲ್ಲಿ ಒಟ್ಟು 835 ಜನ. 1970ರ ದಶಕದ ಕೊನೆಯವರೆಗೂ ಅಲ್ಲಿ ಸಂಸಾರಗಳಿದ್ದವು.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಚ್ಚಿನ ಕೆಲಸವಲ್ಲ, ಬಣ್ಣ. ಹಜಾರದ ಗೋಡೆಗೆ ಬಾಡಿಗೆದಾರರ ಕಾಲದ ಕೆಂಪು, ನೀಲಿ ಬಣ್ಣ ಹಾಗೇ ಬಿಟ್ಟಿದ್ದಾರೆ. ಲಾರ್ಡನ ಕಾಲದ ಮನೆಗೆ ವಾಪಸ್ ಹೋಗಲಿಲ್ಲ, ಎಲ್ಲ ಕಾಲವನ್ನೂ ಉಳಿಸಿಕೊಂಡರು. ಅಲ್ಲಿ ಬೆಳೆದವರ ನೆನಪುಗಳನ್ನೂ ಕೇಳಿ ಕೂಡಿಸಿದ್ದಾರೆ. ಪರಂಪರೆ ಉಳಿಸುವುದು ಅಂದರೆ ಇದು ಅಂತ ನನಗೆ ಅನ್ನಿಸಿತು.

---

ಗುಬ್ಬಿಗೂಡು (ಬಾಲ್‌ಬ್ರಿಗನ್)

ನೀವು ಹೇಳೂದು ಕೇಳಾಕ ಛಲೋ ಐತಿ. ಆದ್ರ ಒಂದು ಮಾತು ಲಕ್ಷ್ಯ ಕೊಡ್ರಿ. ಒಂದ ಮನ್ಯಾಗ ನೂರು ಮಂದಿ ಅಂದ್ರ ಅದು ಪರಂಪರಾ ಅಲ್ಲ, ಅದು ನರಕ. 1913ರಾಗ ಚರ್ಚ್ ಸ್ಟ್ರೀಟಿನ್ಯಾಗ ಎರಡು ಮನಿ ಬಿದ್ದು ಏಳು ಮಂದಿ ಸತ್ರು. ಅದರ ಬೆನ್ನಿಗೇ ಸರ್ಕಾರ ತನಿಖಿ ಮಾಡ್ತು. ನಮ್ಮ ವಾರ್ಡಿನ್ಯಾಗ ಒಬ್ಬ ಅಜ್ಜಿ ಇದ್ರು, ಸಣ್ಣಾಕಿ ಇದ್ದಾಗ ಇಂಥಾ ಮನ್ಯಾಗ ಬೆಳದವ್ರು. ಅಂಗಳದಾಗ ಒಂದ ನಳ, ಒಂದ ಪಾಯಖಾನಿ, ಇಡೀ ಮನಿಗೆ. ಆ ಮನಿ ಕೆಡವಿದಾಗ ತಮ್ಮ ತಾಯಿ ಖುಷಿಯಿಂದ ಅತ್ತಿದ್ರು ಅಂತ ಹೇಳಿದ್ರು.

ಹಂಗಾಗಿ ಕೆಡವಿದವ್ರೆಲ್ಲಾ ದುಷ್ಟರು ಅನ್ನೂ ಹಂಗ ಬರೀಬ್ಯಾಡ್ರಿ. ಆಗ ಮಂದಿಗೆ ಗಾಳಿ, ಬೆಳಕು, ಬಿಸಿನೀರು ಬೇಕಾಗಿತ್ತು. ಈಗೂ ಅದ ಬೇಕು. ಮ್ಯೂಸಿಯಂ ಮಾಡಿದ ಮನ್ಯಾಗ ಇವತ್ತು ಯಾರೂ ಮಲಗೂದಿಲ್ಲ, ಅದನ್ನೂ ನೆನಪ ಇಡ್ರಿ.

---

ಗಾರೆಕೆಲಸ (ಡಬ್ಲಿನ್ 8)

ಅಕ್ಕಾ, ಆ ಅಜ್ಜಿಯ ತಾಯಿಯ ಕಣ್ಣೀರಿಗೆ ಎದುರಾಡಲು ನನ್ನ ಬಳಿ ಮಾತಿಲ್ಲ, ಎದುರಾಡುವುದೂ ಇಲ್ಲ.

ಆದರೆ ಅದೇ ಹೊತ್ತಿನಲ್ಲಿ ಡಬ್ಲಿನ್ ಇನ್ನೊಂದು ದಾರಿಯನ್ನೂ ಕಂಡಿತ್ತು. ಹರ್ಬರ್ಟ್ ಸಿಮ್ಸ್ ಎಂಬ ವಾಸ್ತುಶಿಲ್ಪಿ 1932ರಿಂದ 1948ರವರೆಗೆ ಕಾರ್ಪೊರೇಷನ್‌ನ ವಸತಿ ವಿಭಾಗದಲ್ಲಿದ್ದರು. ಆ ಅವಧಿಯಲ್ಲಿ ಸುಮಾರು 17,000 ಮನೆಗಳು ಎದ್ದವು. ಚಾನ್ಸರಿ ಹೌಸ್, ಆಲಿವರ್ ಬಾಂಡ್ ಹೌಸ್, ಪಿಯರ್ಸ್ ಹೌಸ್ ಎಲ್ಲ ಅವರವೇ. ಹೆನ್ರಿಯೆಟಾ ಸ್ಟ್ರೀಟಿನ ಪಕ್ಕದಲ್ಲೇ ಹೆನ್ರಿಯೆಟಾ ಹೌಸ್ ಇದೆ, ಅದೂ ಸಿಮ್ಸ್‌ದು. ನಾಲ್ಕು ಮಹಡಿ, ಇಟ್ಟಿಗೆ, ದುಂಡನೆಯ ಮೂಲೆ, ನಡುವೆ ಮಕ್ಕಳು ಆಡುವ ಅಂಗಳ. ಇಂಥ ಕಟ್ಟಡಗಳಿಂದ, ಬಡವರನ್ನು ಊರಾಚೆಗೆ ಕಳಿಸದೆ, ಅವರು ಬದುಕುತ್ತಿದ್ದ ಬೀದಿಯಲ್ಲೇ ಮರ್ಯಾದೆಯ ಮನೆ ಕೊಟ್ಟರು. ಕೆಲಸದ ಭಾರ ತಡೆಯಲಾಗದೆ 1948ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಹೆಸರು ಹೇಳುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇವತ್ತು ಸಿಮ್ಸ್‌ರ ಕಟ್ಟಡಗಳೂ ಪರಂಪರೆಯೇ. ಅವುಗಳಲ್ಲಿ ಜನ ಇದ್ದಾರೆ. ಆಲಿವರ್ ಬಾಂಡ್‌ನ ನಿವಾಸಿಗಳು ತೇವ, ಬೂಸ್ಟಿನ ಬಗ್ಗೆ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಗೋಡೆಯನ್ನು ಉಳಿಸಿ, ಒಳಗೆ ಬೆಚ್ಚಗಿನ ಒಣ ಮನೆ ಮಾಡಿಕೊಡುವುದೇ ಅಲ್ಲಿನ ಸವಾಲು. ಮೆರಿಯನ್ ಸ್ಕ್ವೇರಿನ ಬಾಗಿಲಿನ ಫೋಟೊ ಹಾಕಿ ಪರಂಪರೆ ಅನ್ನುವವರು ಇಲ್ಲಿಗೂ ಬಂದು ನೋಡಬೇಕು.

---

ಒಗ್ಗರಣೆ (ಡಬ್ಲಿನ್ 1)

ಗಾರೆಕೆಲಸ ಅವರೇ, ಒಂದು ವ್ಯವಹಾರದ ಪ್ರಶ್ನೆ. ನಮ್ಮ ಕಟ್ಟಡದ ಮುಂಗೋಡೆಯ ಸಂದುಗಳಿಗೆ ಹಿಂದೆ ಯಾರೋ ಸಿಮೆಂಟ್ ತುಂಬಿದ್ದಾರೆ. ಈಗ ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಮತ್ತೆ ಸಿಮೆಂಟ್ ಹಾಕಿಸಿದರೆ ನಿಲ್ಲುತ್ತದಾ?

---

ಗಾರೆಕೆಲಸ (ಡಬ್ಲಿನ್ 8)

ದಯವಿಟ್ಟು ಬೇಡ. ಹಳೇ ಇಟ್ಟಿಗೆ ಮೆದು, ಅದನ್ನು ಕೂರಿಸಿರುವುದು ಸುಣ್ಣದ ಗಾರೆಯಲ್ಲಿ. ಗೋಡೆ ಮಳೆ ಕುಡಿಯುತ್ತದೆ, ಆಮೇಲೆ ಸುಣ್ಣದ ಸಂದಿನಿಂದ ಆ ತೇವವನ್ನು ಬಿಡುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ತೇವಕ್ಕೆ ಹೊರಬರುವ ದಾರಿ ಇಟ್ಟಿಗೆಯೊಂದೇ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಇಟ್ಟಿಗೆಯ ಮುಖ ಕಿತ್ತು ಬರುತ್ತದೆ. ಊರಲ್ಲಿ ಅಜ್ಜನ ಮನೆಯ ಗೋಡೆಗೆ ಸಿಮೆಂಟ್ ಬಳಿಸಿ ಕೈಸುಟ್ಟುಕೊಂಡವರು ಇಲ್ಲಿ ಹಲವರಿರಬಹುದು, ಅದೇ ಕಾಯಿಲೆ ಇದು.

ಸಿಮೆಂಟನ್ನು ಕೈಯುಳಿಯಿಂದ ಜೋಪಾನವಾಗಿ ತೆಗೆದು ಸುಣ್ಣದ ಗಾರೆ ತುಂಬಬೇಕು. ಗ್ರೈಂಡರ್ ಮುಟ್ಟಿಸಬೇಡಿ, ಇಟ್ಟಿಗೆಯ ಅಂಚು ಹಾರುತ್ತದೆ. ಡಬ್ಲಿನ್ನಿನಲ್ಲಿ ವಿಗ್ಗಿಂಗ್ ಎನ್ನುವ ಹಳೇ ಕೈಚಳಕವಿದೆ. ಸಂದಿನಲ್ಲಿ ಸುಣ್ಣದ ತೆಳುಗೆರೆ ಎಳೆದು, ಅದರ ಎರಡೂ ಬದಿಗೆ ಇಟ್ಟಿಗೆ ಬಣ್ಣದ ಗಾರೆ ಮೆತ್ತುತ್ತಾರೆ. ಅಂಕುಡೊಂಕು ಇಟ್ಟಿಗೆಯೂ ಕತ್ತರಿಸಿ ಜೋಡಿಸಿದಷ್ಟು ನೇರವಾಗಿ ಕಾಣುತ್ತದೆ. ಈ ಕೆಲಸ ಬಲ್ಲವರು ಕಡಿಮೆ, ಕಾಯಬೇಕಾಗುತ್ತದೆ. ಕಾಯಿರಿ. ನಿಮ್ಮ ಕಟ್ಟಡ ಪಟ್ಟಿಯಲ್ಲಿದ್ದರೆ ಮೊದಲು ಮಾಲೀಕರ ಕೈಯಲ್ಲಿ ಕೌನ್ಸಿಲ್‌ಗೆ ಪತ್ರ ಬರೆಸಿ.

---

ನೀಲಿಬಾಗಿಲು (ವಿದ್ಯಾರ್ಥಿ, ಗ್ರೇಂಜ್‌ಗೋರ್ಮನ್)

ಹಾಗಾದರೆ ಎತ್ತರದ ಕಟ್ಟಡಗಳ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಏನು? ಡಬ್ಲಿನ್ ಇಷ್ಟು ತಗ್ಗಾಗಿ ಹರಡಿಕೊಂಡಿರುವುದರಿಂದಲೇ ಗುಬ್ಬಿಗೂಡು ಅಕ್ಕ ಬಾಲ್‌ಬ್ರಿಗನ್‌ವರೆಗೆ ಹೋಗಬೇಕಾಗಿದೆ ಅನ್ನುವುದರಲ್ಲಿ ಹುರುಳಿಲ್ಲವೇ?

---

ಪಡುವಣ (ಬ್ರೇ)

ಹುರುಳು ಉಂಟು. 2018ರ ಡಿಸೆಂಬರಿನಲ್ಲಿ ಸರ್ಕಾರವೇ ಹೊಸ ಮಾರ್ಗಸೂಚಿ ತಂದು, ಕೌನ್ಸಿಲ್‌ಗಳು ಊರಿಡೀ ಒಂದೇ ಎತ್ತರದ ಮಿತಿ ಹಾಕದ ಹಾಗೆ ಮಾಡಿತು. ಡಾಕ್‌ಲ್ಯಾಂಡ್ಸ್‌ನಲ್ಲಿ 79 ಮೀಟರಿನ ಕ್ಯಾಪಿಟಲ್ ಡಾಕ್ ಅದೇ ವರ್ಷ ಎದ್ದಿತು. ಅಲ್ಲಿ ಎತ್ತರ ಬಂದರೆ ನನಗೆ ತಕರಾರಿಲ್ಲ, ಹಳೇ ಬಂದರಿನ ಬಯಲು ಅದು. ಊರ ನಡುವೆ ಮಾತ್ರ ಜಾಗ ನೋಡಿ ಮಾತಾಡಬೇಕು. ಲಿಬರ್ಟಿ ಹಾಲ್ ನೋಡಿ. 1965ರ ಕಟ್ಟಡ, ಹದಿನಾರು ಮಹಡಿ, ಕಸ್ಟಮ್ ಹೌಸ್‌ನ ಪಕ್ಕದಲ್ಲೇ. ಕಾರ್ಮಿಕ ಸಂಘದವರು ಅದನ್ನು ಕೆಡವಿ 22 ಮಹಡಿ ಕಟ್ಟಲು ಹೊರಟಾಗ 2012ರಲ್ಲಿ ಯೋಜನಾ ಮಂಡಳಿ ಬೇಡ ಎಂದಿತು. ನನಗೆ ಆಗ ಸಮಾಧಾನವಾಯಿತು, ಇವತ್ತೂ ಹಾಗೇ.

ಮತ್ತೆ ನೆಲದ ಕೆಳಗಿನದ್ದೂ ನೆನಪಿರಲಿ. ನದಿ ದಂಡೆಯ ವುಡ್ ಕೀ ಎಂಬಲ್ಲಿ ನೆಲ ಅಗೆದಾಗ ವೈಕಿಂಗ್ ಕಾಲದ ಊರೇ ಸಿಕ್ಕಿತ್ತು, ಮರದ ಮನೆಗಳ ಬುಡ, ಓಣಿ, ಬೇಲಿ ಸಮೇತ. 1978ರ ಸೆಪ್ಟೆಂಬರ್ 23ರಂದು ಸುಮಾರು 20,000 ಜನ ಅದನ್ನು ಉಳಿಸಿ ಎಂದು ಬೀದಿಗಿಳಿದರು. ಪಾದ್ರಿಯೂ ಇತಿಹಾಸದ ಪ್ರಾಧ್ಯಾಪಕರೂ ಆಗಿದ್ದ ಎಫ್. ಎಕ್ಸ್. ಮಾರ್ಟಿನ್ ಮುಂದಾಳು. ಹೈಕೋರ್ಟು ಅದನ್ನು ರಾಷ್ಟ್ರೀಯ ಸ್ಮಾರಕ ಎಂದಿದ್ದರೂ ಉಳಿಯಲಿಲ್ಲ. ಅದರ ಮೇಲೆ ಕಾರ್ಪೊರೇಷನ್ ತನ್ನದೇ ಆಫೀಸು ಕಟ್ಟಿಕೊಂಡಿತು. ಇಪ್ಪತ್ತು ಸಾವಿರ ಜನ ಕೂಗಿದ್ದನ್ನು ನಗರಾಡಳಿತವೇ ಕೇಳದೆ ಹೋದದ್ದು ನನಗೆ ಇಂದಿಗೂ ನುಂಗಲಾಗದ ವಿಷಯ.

---

ಗುಬ್ಬಿಗೂಡು (ಬಾಲ್‌ಬ್ರಿಗನ್)

ಪಡುವಣ ಅಣ್ಣಾರ, ಲಿಬರ್ಟಿ ಹಾಲ್ ವಿಷಯದಾಗ ನಾ ಒಪ್ಪೂದಿಲ್ಲ. ನದಿ ದಂಡಿ, ಟ್ರೇನು, ಬಸ್ಸು, ಲುವಾಸ್ ಟ್ರಾಮು ಎಲ್ಲಾ ಬಾಜೂಕ ಐತಿ. ಎತ್ತರ ಅಲ್ಲೆ ಬರಲಿಲ್ಲ ಅಂದ್ರ ಮತ್ತ ಎಲ್ಲೆ ಬರಬೇಕ್ರಿ? ನೋಟ ಕೆಡತದ ಅಂತೀರಿ. ನೋಟ ನೋಡಾಕ ಊರಾಗ ಇರಬೇಕಲ್ರಿ ಮೊದಲ.

ಆದ್ರ ಖಾಲಿ ಮಹಡಿ ಮಾತು ನನ್ನ ತಲ್ಯಾಗ ಕೂತೈತಿ. ಒಗ್ಗರಣೆಯವರು ಹೇಳಿದಂಗ ಆ ಮೂರು ಮಹಡಿ ಮನಿ ಆದ್ರ ನಮ್ಮ ಹುಡುಗ್ಯಾರು ಆಸ್ಪತ್ರಿಗೆ ನಡಕೊಂಡ ಹೋಗಬಹುದು. ಅದನ್ನ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಅದರ ಜೋಡಿ ಹೊಸಾದನ್ನೂ ಕಟ್ರಿ. ಒಂದು ಮಾಡ್ತೀವಿ ಅಂತ ಇನ್ನೊಂದು ತಡೀಬ್ಯಾಡ್ರಿ. ಈ ಮಾತು ಯಾರಿಗೆ ಹೇಳಬೇಕು, ಹೆಂಗ ಹೇಳಬೇಕು? ನಮ್ಮಂಥಾ ವೀಸಾದವ್ರ ಮಾತು ಕೇಳ್ತಾರೇನು?

---

ಗಾರೆಕೆಲಸ (ಡಬ್ಲಿನ್ 8)

ಕೇಳಲೇಬೇಕು ಅಕ್ಕಾ. ಯಾವುದೇ ಯೋಜನಾ ಅರ್ಜಿ ಬಂದರೆ, ಅದು ಸಲ್ಲಿಕೆಯಾದ ಐದು ವಾರದೊಳಗೆ 20 ಯೂರೊ ಕಟ್ಟಿ ಯಾರು ಬೇಕಾದರೂ ಕೌನ್ಸಿಲ್‌ಗೆ ಬರೆದುಕೊಡಬಹುದು. ಪೌರತ್ವ ಕೇಳುವುದಿಲ್ಲ. ಕೌನ್ಸಿಲ್ ವೆಬ್‌ಸೈಟಿನಲ್ಲೇ ಆಗುತ್ತದೆ. ಅರ್ಜಿಯ ಸಂಖ್ಯೆ, ನಿಮ್ಮ ಹೆಸರು, ವಿಳಾಸ, ಕಾರಣ ಸ್ಪಷ್ಟವಾಗಿದ್ದರೆ ಸಾಕು. ಹಾಗೆ ಬರೆದವರಿಗೇ ಮುಂದೆ ಮೇಲ್ಮನವಿಯ ಹಕ್ಕು ಇರುವುದು, ಆದ್ದರಿಂದ ರಸೀತಿ ಇಟ್ಟುಕೊಳ್ಳಿ. ನಗರ ಅಭಿವೃದ್ಧಿ ಯೋಜನೆಯ ಕರಡು ಬಂದಾಗ ಅಭಿಪ್ರಾಯ ಕೊಡಲು ದುಡ್ಡೂ ಬೇಡ. ಈಗಿನದು 2022ರಿಂದ 2028ರವರೆಗಿನದು, ಮುಂದಿನದಕ್ಕೆ ಬರೆಯಲು ಈಗಿಂದಲೇ ತಯಾರಾಗಬಹುದು.

ಇನ್ನೊಂದು, ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಐರ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಇಲ್ಲಿ ವಾಸವಿರುವ 18 ದಾಟಿದ ಎಲ್ಲರೂ ಮತ ಹಾಕಬಹುದು, ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ ಸರಿ. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು ಅಷ್ಟೆ. ಪಾಳು ಜಾಗದ ಲೆವಿ ವಸೂಲಿ ಮಾಡದ ಕೌನ್ಸಿಲರನ್ನು ಮನೆಬಾಗಿಲಲ್ಲೇ ನಿಲ್ಲಿಸಿ ಕೇಳಿ.

ಒಗ್ಗರಣೆಯವರ ಸಾಲಿನ ನಾಲ್ಕೈದು ಮಾಲೀಕರು ಸೇರಿ ಒಂದೇ ಮೆಟ್ಟಿಲು ಮಾಡಿಕೊಳ್ಳುವ ಸಾಧ್ಯತೆಯ ಬಗ್ಗೆ ನಾನು ಒಂದು ನಕ್ಷೆ ಬರೆದುಕೊಡುತ್ತೇನೆ, ದುಡ್ಡು ಬೇಡ. ಅಳತೆ ತೆಗೆಯಲು ಒಂದು ಸೋಮವಾರ ಬೆಳಿಗ್ಗೆ ಬರಲೇ?

---

ಒಗ್ಗರಣೆ (ಡಬ್ಲಿನ್ 1)

ಬನ್ನಿ ಸಾರ್, ಸೋಮವಾರ ನಮಗೆ ರಜೆ. ಪಕ್ಕದ ಎರಡು ಅಂಗಡಿಯವರನ್ನೂ ಕರೆದಿಟ್ಟಿರುತ್ತೇನೆ. ಮಾಲೀಕರು ಬರುತ್ತಾರೋ ಇಲ್ಲವೋ ಹೇಳಲಾರೆ, ಫೋನಂತೂ ಮಾಡುತ್ತೇನೆ.

---

ಗುಬ್ಬಿಗೂಡು (ಬಾಲ್‌ಬ್ರಿಗನ್)

ಛಲೋ ಆತು. ನಮ್ಮ ಆಸ್ಪತ್ರಿ ಹಿಂದ ಒಂದು ಎತ್ತರದ ಅಪಾರ್ಟ್‌ಮೆಂಟಿಗೆ ಅರ್ಜಿ ಹಾಕ್ಯಾರ, ಹಳದಿ ನೋಟಿಸು ಬೇಲಿಗೆ ಹಚ್ಯಾರ. ಮಂದಿ ಎಲ್ಲಾ ಬ್ಯಾಡ ಅಂತ ಬರ್ಯಾಕತ್ತಾರ. ನಾ ಬೇಕು ಅಂತ ಬರೀತೀನಿ. ಇಪ್ಪತ್ತು ಯೂರೊ ಹೋದ್ರ ಹೋಗಲಿ.

---

ಪಡುವಣ (ಬ್ರೇ)

ಬರೆಯಿರಿ. ಆ ಜಾಗ ಯಾವುದೆಂದು ನನಗೂ ಗೊತ್ತುಂಟು, ನಾನು ಬೇಡ ಅಂತ ಬರೆಯುವವನು. ಇಬ್ಬರ ಪತ್ರವೂ ಒಂದೇ ಕಡತದಲ್ಲಿ ಇರಲಿ.